ರೈಲಿನಲ್ಲಿ ಓಡಾಡುತ್ತಿದ್ದ ನಮ್ಮ ಹೆಸರು

ನಿವೃತ್ತಿಯಾದ ಮೇಲೂ ನನ್ನದೊಂದು ಚಟ ಹೋಗಿಲ್ಲ. ಬಸ್ ನಿಲ್ದಾಣವಾಗಲಿ, ರೈಲು ನಿಲ್ದಾಣವಾಗಲಿ, ಕಾಲಿಟ್ಟ ಕೂಡಲೇ ಫೋನ್ ತೆಗೆದು ಸುತ್ತಮುತ್ತ ಯಾವ ಯಾವ ವೈಫೈ ಹೆಸರು ಕಾಣಿಸುತ್ತಿದೆ ಎಂದು ನೋಡುತ್ತೇನೆ. ನಮ್ಮ ಯಜಮಾನರು "ಅದ್ರೊಳಗೇನು ನಿನ್ನ ತವರಿನೋರು ಕೂತವ್ರಾ?" ಎಂದು ರೇಗಿಸುತ್ತಾರೆ. ರೇಗಿಸಲಿ ಬಿಡಿ. ಆ ಹೆಸರುಗಳ ಹಿಂದೆ ಎಷ್ಟೆಲ್ಲ ನಡೆಯುತ್ತದೆ ಎಂದು ಒಮ್ಮೆ ಕಂಡವರಿಗೆ ಸುಮ್ಮನೆ ಕೂರಲು ಆಗುವುದಿಲ್ಲ.

ಈಗ ನನ್ನ ತಂಗಿಯ ಮಗಳು ಚೈತ್ರ ಇದೇ ಕೆಲಸಕ್ಕೆ ಸೇರಿದ್ದಾಳೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಸಾರ್ವಜನಿಕರಿಗೆಂದು ಇಟ್ಟಿರುವ ವೈಫೈ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಕೆಲಸ. ಮೊನ್ನೆ ಮನೆಗೆ ಬಂದವಳು, "ದೊಡ್ಡಮ್ಮ, ಟ್ರೈನಿಂಗಲ್ಲಿ ವೈರು, ಪೆಟ್ಟಿಗೆ, ಸಾಫ್ಟ್‌ವೇರು ಎಲ್ಲಾ ಹೇಳ್ಕೊಟ್ರು. ಜನ ಬಂದು ಏನೇನ್ ಕೇಳ್ತಾರೆ ಅನ್ನೋದ್ನ ಮಾತ್ರ ಯಾರೂ ಹೇಳ್ಲಿಲ್ಲ" ಅಂದಳು. ಅವಳಿಗೆ ಹೇಳಲು ಶುರು ಮಾಡಿದವಳು ರಾತ್ರಿ ಅಡುಗೆಯನ್ನೂ ಮರೆತೆ. ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾವ ಊರಿಗೆ ವರ್ಗವಾಯಿತು ಎಂಬುದೆಲ್ಲ ಇಲ್ಲಿ ಬೇಡ. ಅದನ್ನು ಓದಿ ಯಾರೂ ಕೆಲಸ ಕಲಿತಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಟೆಲಿಫೋನ್ ಆಪರೇಟರ್ ಆಗಿ. ಅಕ್ಕೂರಿನಿಂದ ಬಸ್ಸು ಹತ್ತಿ ಚನ್ನಪಟ್ಟಣದ ಎಕ್ಸ್‌ಚೇಂಜಿಗೆ ಬರುತ್ತಿದ್ದೆ. ತಲೆಗೆ ಹೆಡ್‌ಫೋನು, ಎದುರಿಗೆ ತೂತುಗಳ ಹಲಗೆ, ಕೈಯಲ್ಲಿ ಪಿನ್ನು. ರೇಷ್ಮೆ ಗೂಡಿನ ವ್ಯಾಪಾರಿ ಬೆಂಗಳೂರಿಗೆ ಟ್ರಂಕ್ ಕಾಲ್ ಕೇಳಿದರೆ ನಾವೇ ಜೋಡಿಸಿಕೊಡಬೇಕು. ಜೋಡಿಸಿದ ಮೇಲೆ ಮಾತು ಸರಿಯಾಗಿ ಹೋಗುತ್ತಿದೆಯೇ ಎಂದು ಒಂದು ಕ್ಷಣ ಕೇಳಬೇಕು. ಆ ಒಂದು ಕ್ಷಣದಲ್ಲೇ ಊರಿನ ಅರ್ಧ ಗುಟ್ಟು ಕಿವಿಗೆ ಬೀಳುತ್ತಿತ್ತು. ಯಾರ ಮಗಳಿಗೆ ಗಂಡು ಒಪ್ಪಿತು, ಯಾರ ಮನೆ ಜಗಳ ಕೋರ್ಟಿಗೆ ಹೋಯಿತು, ಎಲ್ಲವೂ. ನಮ್ಮ ಸೂಪರ್‌ವೈಸರ್ ಕಮಲಮ್ಮನವರು ಕಟ್ಟುನಿಟ್ಟಿನ ಹೆಂಗಸು. ಬೆನ್ನ ಹಿಂದೆ ಬಂದು ನಿಂತು, "ಕೈ ಲೈನಿನ ಮೇಲಿರ್ಲಿ, ಕಿವಿ ಗೋಡೆ ಮೇಲಿರ್ಲಿ" ಎಂದು, ಪರರ ಮಾತಿಗೆ ಕಿವಿಗೊಡದಂತೆ ಎಚ್ಚರಿಸುತ್ತಿದ್ದರು.

ಹಾಗಾಗಿ ಎಷ್ಟೋ ವರ್ಷಗಳ ನಂತರ, ತಾಮ್ರದ ತಂತಿ ಹೋಗಿ ಗಾಜಿನೆಳೆಯ ಕೇಬಲ್ ಬಂದು, ನನ್ನನ್ನು ವೈಫೈ ವಿಭಾಗಕ್ಕೆ ಹಾಕಿದಾಗ ನನಗೆ ವಿಷಯ ಹೊಸದೆನಿಸಲಿಲ್ಲ. ನೀವು ಫೋನಿನಲ್ಲಿ ಏನು ನೋಡಿದರೂ, ಏನು ಬರೆದರೂ ಅದು ನಡುವೆ ಕೂತ ಒಂದು ಪೆಟ್ಟಿಗೆಯ ಮೂಲಕವೇ ಹೋಗಬೇಕು. ನಡುವೆ ಕೂತವರು ಯಾರು, ಅವರ ಕಿವಿ ಎಲ್ಲಿದೆ, ಪ್ರಶ್ನೆ ಅಷ್ಟೇ!

ಇದನ್ನು ನಮ್ಮ ಹೊಸ ಇಂಜಿನಿಯರ್ ರೂಪಾ ಮೇಡಂಗೆ ಹೇಳಿದಾಗ ಅವರು ಕೂತಲ್ಲಿಂದ ಎದ್ದೇಬಿಟ್ಟರು. ಮಾಗಡಿ ತಾಲ್ಲೂಕಿನ ಕೆಂಪಾಪುರದ ಕಡೆಯವರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಕೆಲಸದಲ್ಲಿ ನನ್ನ ಮೇಲಧಿಕಾರಿ. ಅಂಥ ಮೇಲಧಿಕಾರಿ ಎಲ್ಲರಿಗೂ ಸಿಗಲಿ. "ಅದೇ ರತ್ನಕ್ಕ, ಅದೇ! ಆದ್ರೆ ಈಗ ಒಂದು ವ್ಯತ್ಯಾಸ ಇದೆ" ಎಂದು ಕಾಗದದ ಮೇಲೆ ಗೀಚುತ್ತಾ ವಿವರಿಸಿದರು. ಈಗ ಬ್ಯಾಂಕು, ಇಮೇಲು ಮುಂತಾದವುಗಳ ಮಾತುಕತೆಗೆಲ್ಲ ಬೀಗ ಬಿದ್ದಿರುತ್ತದೆ. ಬ್ರೌಸರಿನಲ್ಲಿ ಕಾಣುವ ಬೀಗದ ಗುರುತು ಅದೇ. ನಡುವೆ ಕೂತವನು ಕಿವಿಯಿಟ್ಟರೂ ಅರ್ಥವಾಗುವುದಿಲ್ಲ. ಆದ್ದರಿಂದ ಕಳ್ಳ ಬೀಗ ಒಡೆಯಲು ಹೋಗುವುದಿಲ್ಲ. "ಬೀಗದ ಕೈ ಕೊಡಿ" ಎಂದು ನಿಮ್ಮನ್ನೇ ಕೇಳುತ್ತಾನೆ. ಎಷ್ಟು ಚೆನ್ನಾಗಿ ಕೇಳುತ್ತಾನೆಂದರೆ, ನೀವೇ ಕೊಟ್ಟು ಥ್ಯಾಂಕ್ಸ್ ಹೇಳಿ ಬರುತ್ತೀರಿ.

ನಮ್ಮ ವೈಫೈ ಹೆಸರು 'ನಮ್ಮೂರ ನೆಟ್'. ಬಸ್ ನಿಲ್ದಾಣ, ರೈಲು ನಿಲ್ದಾಣ, ರೇಷ್ಮೆ ಗೂಡಿನ ಮಾರುಕಟ್ಟೆ, ಎಲ್ಲೆಲ್ಲಿ ಜನ ಕಾಯುತ್ತಾರೋ ಅಲ್ಲೆಲ್ಲ ಒಂದು ಬಿಳಿ ಪೆಟ್ಟಿಗೆ. ಸೇರಿಕೊಳ್ಳಲು ಮೊಬೈಲ್ ನಂಬರ್ ಕೊಟ್ಟು, ಬಂದ ಒಟಿಪಿ ಒತ್ತಿದರೆ ಸಾಕು. ಬೇರೇನನ್ನೂ ಕೇಳುತ್ತಿರಲಿಲ್ಲ.

ಮೊದಲ ಬೇಟೆ ನಡೆದದ್ದು ಮಾಗಡಿಯಲ್ಲಿ. ಅಲ್ಲಿನ ಬಸ್ ನಿಲ್ದಾಣದ ನಮ್ಮ ಪೆಟ್ಟಿಗೆ ಕೆಟ್ಟು ಎರಡು ದಿನವಾಗಿತ್ತು. ಆದರೂ ಜನರ ಫೋನಿನಲ್ಲಿ 'ನಮ್ಮೂರ ನೆಟ್' ಕಾಣಿಸುತ್ತಿದೆ ಎಂದು ಸುದ್ದಿ ಬಂತು. ರೂಪಾ ಮೇಡಂ ಮುಖ ಅರಳಿತು. "ಯಾರೋ ನಮ್ಮ ಹೆಸರು ಹಾಕ್ಕೊಂಡು ಕೂತಿದ್ದಾರೆ, ನಡೀರಿ!" ಅವರ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಒಂದು ವೈಫೈಯನ್ನು ಆರಿಸಿಕೊಂಡರೆ ಅದರ ಪೆಟ್ಟಿಗೆಗೆ ಹತ್ತಿರವಾದಷ್ಟೂ ಬೀಪ್ ಸದ್ದು ಬೇಗ ಬೇಗ ಬರುತ್ತದೆ, ದೂರವಾದಷ್ಟೂ ನಿಧಾನ. ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಆದರೆ ಪ್ರತಿ ಪೆಟ್ಟಿಗೆಗೂ ಅದರದೇ ಒಂದು ಗುರುತು ಸಂಖ್ಯೆ ಇರುತ್ತದೆ. ನಮ್ಮ ಪೆಟ್ಟಿಗೆಗಳದ್ದೆಲ್ಲ ಒಂದೇ ರೀತಿ ಶುರುವಾಗುತ್ತಿತ್ತು. ಇಲ್ಲಿ ಕಂಡದ್ದು ಬೇರೆ.

ನಾವಿಬ್ಬರೂ ಹೂವು ಮಾರುವವರ ಸಾಲು ದಾಟಿ, ಸಾರ್ವಜನಿಕ ನಲ್ಲಿ ದಾಟಿ, ಬೀಪ್ ಎಳೆದ ಕಡೆಗೆ ನಡೆದೆವು. ಕೊನೆಗೆ ಸದ್ದು ಬಿಡುವಿಲ್ಲದೆ ಕೂಗತೊಡಗಿದಾಗ ತಲೆಯೆತ್ತಿ ನೋಡಿದರೆ ಎದುರಿಗೆ ಕುದಿಯುವ ಎಣ್ಣೆ ಬಾಣಲೆ! ಅದರ ಹಿಂದೆ ಹೋಟೆಲಿನ ಸಿದ್ದಲಿಂಗಪ್ಪನವರು, ಹಣೆತುಂಬ ವಿಭೂತಿ.

"ಏನ್ ಮೇಡಂ, ನಮ್ ಬೋಂಡ ಕಂಡ್ರೆ ಫೋನೂ ಬಡ್ಕತೈತಾ?" ಎಂದರು.

ನಗು ತಡೆದುಕೊಂಡು ವಿಷಯ ಹೇಳಿದೆವು. ಅವರು ಕೊಂಚವೂ ಅಂಜದೆ ಒಪ್ಪಿಕೊಂಡರು. "ಬಂದ್ ಗಿರಾಕಿಯೆಲ್ಲಾ 'ನಮ್ಮೂರ ನೆಟ್ ಬತ್ತದಾ ಇಲ್ಲಿ' ಅಂತ ಕೇಳೋರು. ಬತ್ತದೆ ಅನ್ನಾನ ಅಂತ ನನ್ ವೈಫೈಗೂ ಅದೇ ಹೆಸ್ರು ಇಟ್ಬುಟ್ಟೆ. ತಪ್ಪಾ?"

ರೂಪಾ ಮೇಡಂ ಸಿಟ್ಟಾಗಲಿಲ್ಲ. "ಅಣ್ಣ, ನಾಳೆ ಯಾರೋ ನಿಮ್ಮ ಹೋಟ್ಲಿನ ಹೆಸರು ಬರೆಸ್ಕೊಂಡು ಎದುರುಗಡೆ ಹಳಸಿದ ಬೋಂಡ ಮಾರಿದ್ರೆ?" ಎಂದರು.

ಸಿದ್ದಲಿಂಗಪ್ಪನವರ ಕೈಯ ಸೌಟು ನಿಂತಿತು. "ಅಯ್ ಶಿವನೇ, ಅಂಗಂತೀರಾ?" ಎಂದವರು ಅಲ್ಲೇ ನಮ್ಮ ಕೈಯಿಂದಲೇ ಹೆಸರು ಬದಲು ಮಾಡಿಸಿಕೊಂಡರು. ಇಂದಿಗೂ ಮಾಗಡಿಯಲ್ಲಿ ಇಳಿದರೆ 'ಸಿದ್ದಲಿಂಗಪ್ಪ ಬಿಸಿಬೋಂಡ' ಎಂಬ ವೈಫೈ ಕಾಣುತ್ತದೆ. ಅವರು ಕಳ್ಳರಲ್ಲ. ಆದರೆ ಆ ದಿನ ನನಗೊಂದು ತಿಳಿಯಿತು. ಒಳ್ಳೆಯ ಮನುಷ್ಯನೊಬ್ಬ ಕೂತಲ್ಲೇ ನಮ್ಮ ಹೆಸರು ಹಾಕಿಕೊಳ್ಳಬಹುದಾದರೆ, ಕೆಟ್ಟವನಿಗೆ ಎಷ್ಟು ಹೊತ್ತು?

ಕನಕಪುರದ ಪ್ರಸಂಗ ಇನ್ನೊಂದು ಬಗೆಯದು. ಸಾತನೂರಿನ ಹಾಲಿನ ಡೇರಿಯ ಕಾರ್ಯದರ್ಶಿ ಕೆಂಪಯ್ಯನವರು ಬಸ್ ನಿಲ್ದಾಣದಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. ಡೇರಿಯ ಲೆಕ್ಕದ ವೆಬ್‌ಸೈಟು ತೆರೆಯಲು ಹೋದರೆ ಪರದೆ ತುಂಬ ಕೆಂಪು ಎಚ್ಚರಿಕೆ. 'ಈ ಸಂಪರ್ಕ ಸುರಕ್ಷಿತವಲ್ಲ.' ಪಕ್ಕದಲ್ಲಿದ್ದ ಯಾರೋ, "ಕೆಳಗೆ ಒತ್ತಿ ಸಾರ್, ಮುಂದಕ್ಕೆ ಹೋಗ್ತದೆ, ಎಲ್ಲರೂ ಹಂಗೇ ಮಾಡೋದು" ಎಂದಿದ್ದರಂತೆ.

"ನೀವು ಒತ್ತಿದ್ರಾ?" ಗಾಬರಿಯಿಂದ ಕೇಳಿದೆ.

"ಯಾಕವ್ವ ಒತ್ಲಿ? ಕೆಂಪು ದೀಪ ಬಿದ್ರೆ ಬಸ್ಸೇ ನಿಂತ್ಕತದೆ. ನಾನು ನಿಂತ್ಕಬಾರ್ದಾ?"

ನನಗೆ ಅವರ ಕೈ ಹಿಡಿದು ಕುಲುಕಬೇಕೆನಿಸಿತು! ಮೊದಲು ಅವರ ಫೋನನ್ನು ನಮ್ಮ ವೈಫೈಯಿಂದ ಬಿಡಿಸಿದೆ. ಆಮೇಲೆ ಒಂದೊಂದಾಗಿ ಪರೀಕ್ಷೆ ಮಾಡಿದಾಗ ತಿಳಿದದ್ದೇನೆಂದರೆ, ಹಿಂದಿನ ದಿನ ಬ್ಯಾಟರಿ ಪೂರ್ತಿ ಖಾಲಿಯಾಗಿ ಫೋನಿನ ತಾರೀಕು ಹಲವು ವರ್ಷ ಹಿಂದಕ್ಕೆ ಹೋಗಿತ್ತು. ತಾರೀಕು ತಪ್ಪಿದರೆ ವೆಬ್‌ಸೈಟಿನ ಗುರುತಿನ ಚೀಟಿ ಸರಿಯಿಲ್ಲವೆಂದು ಫೋನು ಬೊಬ್ಬೆ ಹಾಕುತ್ತದೆ. ಸರಿಪಡಿಸಿದ ಮೇಲೆ ಕೆಂಪು ಹೋಯಿತು. ಅಂದು ಕಳ್ಳನಿರಲಿಲ್ಲ ನಿಜ. ಆದರೂ ಕೆಂಪಯ್ಯನವರು ಮಾಡಿದ್ದು ನೂರಕ್ಕೆ ನೂರು ಸರಿ. ಆ ಎಚ್ಚರಿಕೆ ಬಂದಾಗ ಕಾರಣ ಸಣ್ಣದೋ ದೊಡ್ಡದೋ ನಿಮಗೆ ಗೊತ್ತಿರುವುದಿಲ್ಲ. ಪ್ರಯಾಣದಲ್ಲಿರುವಾಗ ಯಾರದೋ ಮಾತು ಕೇಳಿ ಅದನ್ನು ದಾಟಬೇಡಿ. ಹಣದ ವ್ಯವಹಾರವಾದರಂತೂ ವೈಫೈ ಬಿಟ್ಟು ನಿಮ್ಮ ಸಿಮ್ಮಿನ ಡೇಟಾದಲ್ಲೇ ಮಾಡಿ. ಇದನ್ನು ನಾನೇ ಕೆಂಪಯ್ಯನವರಿಗೆ ಹೇಳಿದಾಗ, "ನೀನೇ ವೈಫೈ ಇಟ್ಟು ನೀನೇ ಬ್ಯಾಡ ಅಂತೀಯಲ್ಲವ್ವ!" ಎಂದು ಬಾಯ್ತುಂಬ ನಕ್ಕರು.

ಈಗ ಮಂಜುಳನ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಲೆಂದೇ ಇಷ್ಟು ಹೊತ್ತು ತುದಿಗಾಲಲ್ಲಿ ನಿಂತಿದ್ದೆ.

ಮಂಜುಳ ಚನ್ನಪಟ್ಟಣದ ಬೊಂಬೆ ಕೆಲಸದವಳು. ಗಂಡ ರಾಜು ಲೇತಿನಲ್ಲಿ ಮರ ಕಡೆದರೆ ಅವಳು ಅರಗಿನ ಬಣ್ಣ ಹಚ್ಚುತ್ತಾಳೆ. ದಲ್ಲಾಳಿಗಳ ಸಹವಾಸ ಸಾಕೆಂದು ಅವಳೇ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಮಾಡಿಕೊಂಡಿದ್ದಳು. ಪ್ರತಿ ಬೊಂಬೆಯ ಫೋಟೋ, ಕೊಂಡವರ ಜೊತೆ ಮಾತುಕತೆ, ಹೊಸ ಆರ್ಡರು, ಎಲ್ಲವೂ ಅಲ್ಲೇ. ಅವಳು ಕೂತು ಕಟ್ಟಿದ ಅಂಗಡಿ ಅದು.

ಒಂದು ಬೆಳಿಗ್ಗೆ ಚನ್ನಪಟ್ಟಣ ರೈಲು ನಿಲ್ದಾಣದಲ್ಲಿ ನಾನು ಪೆಟ್ಟಿಗೆಯ ಧೂಳು ಒರೆಸುತ್ತಿದ್ದಾಗ ಓಡೋಡಿ ಬಂದಳು. ಕೈಯಲ್ಲಿ ಇನ್ನೂ ಹಸಿರು ಅರಗಿನ ಕಲೆ.

"ಅಕ್ಕ, ನನ್ನ ಪುಟ ಹೋಯ್ತು ಕಣಕ್ಕ! ನನ್ ಪಾಸ್‌ವರ್ಡ್ ಹಾಕಿದ್ರೆ ತಪ್ಪು ಅಂತೈತೆ. ನನ್ ಹೆಸ್ರಲ್ಲಿ ಇನ್ಯಾರೋ ಮಾತಾಡ್ತಾವ್ರೆ!"

ಅವಳಿಗೆ ಇದು ತಿಳಿದದ್ದು ಧಾರವಾಡದ ಸಾವಿತ್ರಕ್ಕ ಎಂಬ ಗಿರಾಕಿಯಿಂದ. ಅವರು ಶಿಶುವಿಹಾರ ನಡೆಸುವವರು, ವರ್ಷವರ್ಷ ಮಕ್ಕಳಿಗೆ ಬೊಂಬೆ ತರಿಸುವವರು. ಆ ದಿನ ಮಂಜುಳನ ಪುಟದಿಂದ ಅವರಿಗೆ, 'ಡಿಯರ್, ಮುಂಗಡವನ್ನು ಈ ಹೊಸ ಖಾತೆಗೆ ಹಾಕಿ' ಎಂದು ಸಂದೇಶ ಹೋಗಿತ್ತು. ಸಾವಿತ್ರಕ್ಕ ಹಣ ಹಾಕದೆ ನೇರ ಫೋನ್ ಮಾಡಿ, "ಅಲ್ಲ ಮಂಜುಳಾ, ನೀ ನನಗ ಯಾವತ್ತರ ಡಿಯರ್ ಅಂದೀ ಏನ? ಅಕ್ಕಾರ ಅಂತಿದ್ದಿ. ಇವ ಯಾರ ನಡುವ ಬಂದಾನ?" ಎಂದು ಕೇಳಿದ್ದರು. ಒಂದೇ ಒಂದು ಪದ ನೋಡಿ ಕಳ್ಳನನ್ನು ಹಿಡಿದ ಪುಣ್ಯಾತ್ಗಿತ್ತಿ!

ಅಳುವುದಕ್ಕೆ ಬಿಡದೆ ಮಂಜುಳನನ್ನು ಬೆಂಚಿನ ಮೇಲೆ ಕೂರಿಸಿ ರೂಪಾ ಮೇಡಂಗೆ ಫೋನ್ ಮಾಡಿದೆ. ಅವರು ಮೊದಲು ಹೇಳಿದ ಮಾತು, "ವೈಫೈ ಆಫ್ ಮಾಡ್ಸಿ. ಸಿಮ್ಮಿನ ಡೇಟಾದಲ್ಲಿ ಕೆಲಸ ಶುರು ಮಾಡಿ." ಪುಟಕ್ಕೆ ಬುಡವೇ ಇಮೇಲ್ ಖಾತೆ. ಕಳ್ಳ ಅದನ್ನೇ ಹಿಡಿದಿದ್ದ, ಮರಳಿ ಪಡೆಯುವ ಮೊಬೈಲ್ ನಂಬರನ್ನೂ ಬದಲಾಯಿಸಿದ್ದ. ಆದರೆ ಹಾಗೆ ಬದಲಾಯಿಸಿದ ಮೇಲೂ ಹಳೆಯ ನಂಬರಿಗೆ ಕೆಲವು ದಿನ ಅವಕಾಶ ಇರುತ್ತದೆ. ಮಂಜುಳ ತಡ ಮಾಡದೆ ಬಂದದ್ದೇ ಅವಳನ್ನು ಉಳಿಸಿತು. 'ಪಾಸ್‌ವರ್ಡ್ ಮರೆತಿದ್ದೇನೆ' ಒತ್ತಿ, ಹಳೆಯ ನಂಬರ್ ಹಾಕಿ ಕಾದೆವು. ಪ್ಲಾಟ್‌ಫಾರ್ಮಿನಲ್ಲಿ ಗೂಡ್ಸ್ ಗಾಡಿಯೊಂದು ಮುಗಿಯದಂತೆ ಸಾಗುತ್ತಿತ್ತು. ಮಂಜುಳ ಕಣ್ಣು ಮುಚ್ಚಿ ಏನೋ ಹರಕೆ ಹೊತ್ತುಕೊಳ್ಳುತ್ತಿದ್ದಳು.

ಟಿಂಗ್! ಒಟಿಪಿ ಬಂತು.

"ಬಂತಕ್ಕ, ಬಂತು!" ಹೊಸ ಪಾಸ್‌ವರ್ಡ್ ಇಟ್ಟು, ಬೇರೆಲ್ಲ ಫೋನುಗಳಿಂದ ಖಾತೆಯನ್ನು ಹೊರಹಾಕಿ, ಕಳ್ಳನ ನಂಬರ್ ಕಿತ್ತೆಸೆದು, ಎರಡು ಹಂತದ ಬೀಗ ಹಾಕಿಸಿದೆ. ಇನ್ನು ಮುಂದೆ ಪಾಸ್‌ವರ್ಡ್ ಗೊತ್ತಾದರೂ ಅವಳ ಫೋನಿನ ಒಪ್ಪಿಗೆಯಿಲ್ಲದೆ ಯಾರೂ ಒಳಗೆ ಬರಲಾಗದು. ಆ ಇಮೇಲ್ ಮೂಲಕ ಪುಟದ ಪಾಸ್‌ವರ್ಡನ್ನೂ ಬದಲಾಯಿಸಿ ತೆರೆದರೆ ಅರ್ಧಕ್ಕರ್ಧ ಫೋಟೋಗಳು ಮಾಯ. ಆದರೆ ಪುಟ ಅವಳದಾಗಿತ್ತು. ಮೊದಲ ಕೆಲಸವಾಗಿ ಗಿರಾಕಿಗಳಿಗೆಲ್ಲ, 'ನಿನ್ನೆಯಿಂದ ಮಾತಾಡಿದ್ದು ನಾನಲ್ಲ, ಹಣ ಹಾಕಬೇಡಿ' ಎಂದು ಬರೆದಳು.

ಆಮೇಲೆ ನೀರು ಕುಡಿಸಿ ಕೇಳಿದೆ. "ಎಲ್ಲಾದ್ರೂ ಪಾಸ್‌ವರ್ಡ್ ಕೊಟ್ಟಿದ್ದಾ?"

"ಇಲ್ಲಕ್ಕ, ಯಾರಿಗೂ ಕೊಟ್ಟಿಲ್ಲ. ನಿಮ್ ವೈಫೈಗೆ ಮಾತ್ರ ಕೊಟ್ಟಿದ್ದು."

"ನಮ್ ವೈಫೈಗಾ?"

"ಊಂ. ಮೊನ್ನೆ ಬೆಳಗ್ಗೆ ಬೆಂಗಳೂರಿಗೆ ಹೋಗ್ತಾ ರೈಲ್ನಲ್ಲಿ. ತಾನಾಗೇ ಸೇರ್ಕತು. ಮೇಲೂ ಪಾಸ್‌ವರ್ಡೂ ಕೇಳ್ತು, ಹಾಕ್ದೆ."

ರೈಲಿನೊಳಗೆ ನಮ್ಮ ಪೆಟ್ಟಿಗೆಯೇ ಇಲ್ಲ! ನಿಲ್ದಾಣದಲ್ಲಿ ನಮ್ಮ ವೈಫೈ ಬಳಸಿದ್ದ ಅವಳ ಫೋನು, ಅದೇ ಹೆಸರು ಕಂಡ ಕೂಡಲೇ ಗುರುತಿನವರೆಂದು ನಂಬಿ ತಾನಾಗಿ ಹೋಗಿ ಸೇರಿಕೊಂಡಿತ್ತು. ಪಾಪ, ಫೋನಿಗೆ ಹೆಸರು ಗೊತ್ತೇ ಹೊರತು ಮುಖ ಗೊತ್ತಿಲ್ಲ.

ರೂಪಾ ಮೇಡಂ ಮಧ್ಯಾಹ್ನದೊಳಗೆ ಬಂದರು. ನಮ್ಮ ಕಚೇರಿಗೆ ಹಿಂದೆ ಬಂದಿದ್ದ ದೂರುಗಳನ್ನು ನೆನಪಿಸಿಕೊಂಡರೆ, ಮೇಲ್ ಹೋಯಿತು, ಖಾತೆ ಹೋಯಿತು ಎಂದವರೆಲ್ಲ ಬೆಳಗಿನ ಬೆಂಗಳೂರು ರೈಲಿನಲ್ಲಿ ಹೋದವರೇ. ಮರುದಿನ ಬೆಳಿಗ್ಗೆ ನಾವಿಬ್ಬರೂ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಫೋನ್ ಹಿಡಿದು ನಿಂತೆವು. ಪರದೆಯಲ್ಲಿ ನಮ್ಮ ಪೆಟ್ಟಿಗೆ ಒಂದೇ. ದೂರದಲ್ಲಿ ರೈಲಿನ ಹಾರ್ನ್ ಕೇಳಿಸಿತು. ಇಂಜಿನ್ ದಾಟಿತು, ಮೊದಲ ಬೋಗಿಗಳು ದಾಟಿದವು. ಆಗ ಪರದೆಯ ಮೇಲೆ, ನಮ್ಮ ಹೆಸರಿನ ಕೆಳಗೇ, ಇನ್ನೊಂದು 'ನಮ್ಮೂರ ನೆಟ್' ಮೂಡಿತು! ಗುರುತು ಸಂಖ್ಯೆ ಬೇರೆ. ರೈಲು ಹೊರಟಿತು, ಅದು ಕರಗುತ್ತ ಕರಗುತ್ತ ಮಾಯವಾಯಿತು.

ಮೇಡಂ ನನ್ನ ತೋಳು ಗಟ್ಟಿಯಾಗಿ ಹಿಡಿದರು. "ರತ್ನಕ್ಕ, ಕಳ್ಳ ಟಿಕೆಟ್ ತಗೊಂಡು ಓಡಾಡ್ತಿದ್ದಾನೆ!"

ಅವರು ಅಂದೇ ರೈಲ್ವೆ ಪೊಲೀಸರಿಗೆ ಲಿಖಿತ ದೂರು ಕೊಟ್ಟರು. ಮರುದಿನ ಮಫ್ತಿಯಲ್ಲಿ ಒಬ್ಬ ಸಬ್ ಇನ್‌ಸ್ಪೆಕ್ಟರ್, ಒಬ್ಬ ಮಹಿಳಾ ಪೇದೆ ನಮ್ಮ ಜೊತೆ ರೈಲು ಹತ್ತಿದರು. ಮೇಡಂ ನನಗೆ ಮೊದಲೇ ಹೇಳಿದ್ದರು. "ಯಾರ ಮೇಲೂ ಕೈ ತೋರಿಸ್ಬೇಡಿ. ಪೆಟ್ಟಿಗೆ ಸಿಗೋವರೆಗೂ ಎಲ್ಲರೂ ನಿರಪರಾಧಿಗಳೇ." ಬೀಪ್ ಸದ್ದು ಬೇರೆಯವರಿಗೆ ಕೇಳದಂತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ.

ಎಂಥ ನೂಕುನುಗ್ಗಲು! ಕೆಲಸಕ್ಕೆ ಹೋಗುವವರು, ಕಾಲೇಜಿನವರು, ಮೊಸರಿನ ಡಬ್ಬ, ಹೂವಿನ ಮೂಟೆ. ಒಂದು ಬೋಗಿಯಲ್ಲಿ ಸದ್ದು ನಿಧಾನ, ಮುಂದಿನದರಲ್ಲಿ ಸ್ವಲ್ಪ ಚುರುಕು. ಅದರ ಮುಂದಿನದಕ್ಕೆ ಕಾಲಿಟ್ಟಾಗ ಕಿವಿಯೊಳಗೆ ಮಳೆ ಹೊಯ್ದ ಹಾಗೆ! ಸದ್ದು ಎಳೆದ ಜಾಗದಲ್ಲಿ ಒಬ್ಬ ಅಜ್ಜ ಕಾಲ ಬಳಿ ಗೋಣಿಚೀಲ ಇಟ್ಟುಕೊಂಡು ಕೂತಿದ್ದ. ನಾನು ಚೀಲವನ್ನೇ ನೋಡುತ್ತಿದ್ದುದನ್ನು ಕಂಡು, "ಹಲಸಿನಣ್ಣು ಕಣವ್ವ. ಮೊಮ್ಮಗ್ಳು ಬಸ್ರಿ, ಆಸೆ ಪಟ್ಟವ್ಳೆ" ಎಂದ. ನಾಚಿಕೆಯಾಯಿತು. ಆಗಲೇ ಕಣ್ಣು ಮೇಲಕ್ಕೆ ಹೋಯಿತು. ಅಜ್ಜನ ತಲೆಯ ಮೇಲಿನ ಸಾಮಾನಿನ ಹಲಗೆಯಲ್ಲಿ ಒಂದು ಕಪ್ಪು ಬ್ಯಾಗು.

ಯಾರದು? ಕೇಳಿದರೆ ಯಾರೂ ಹೇಳುವುದಿಲ್ಲ. ನಾನು ಫೋನ್ ಎತ್ತಿ ಹಿಡಿದು ಜೋರಾಗಿ, "ಥೂ, ಈ ರೈಲಲ್ಲಿ ನೆಟ್ಟೇ ಬರಲ್ಲ, ಮಗಳಿಗೆ ಮೆಸೇಜ್ ಹಾಕ್ಬೇಕಿತ್ತು" ಎಂದು ಗೊಣಗಿದೆ.

ಎದುರು ಸೀಟಿನಿಂದ ಒಬ್ಬ ಮಧ್ಯವಯಸ್ಕ, ಇಸ್ತ್ರಿ ಮಾಡಿದ ಶರಟು, ನಗುಮುಖ, ಎದ್ದು ನನಗೆ ಜಾಗವನ್ನೇ ಬಿಟ್ಟುಕೊಟ್ಟ. "ಕೂತ್ಕೊಳ್ಳಿ ಅಮ್ಮ. 'ನಮ್ಮೂರ ನೆಟ್' ಅಂತ ಇದೆ ನೋಡಿ, ಅದಕ್ಕೆ ಹಾಕಿ. ಮೇಲ್ ಐಡಿ, ಪಾಸ್‌ವರ್ಡ್ ಕೊಟ್ರೆ ಬರುತ್ತೆ. ನಾನೂ ಅದನ್ನೇ ಬಳಸ್ತಿರೋದು."

ಎಷ್ಟು ಮೆತ್ತಗಿನ ಮಾತು! ಬೇರೆ ದಿನವಾಗಿದ್ದರೆ ನಾನೇ ನಂಬುತ್ತಿದ್ದೆನೇನೋ. ಕೂತು, ಮೇಡಂ ಹೇಳಿಕೊಟ್ಟಂತೆ ಬಾಯಿಗೆ ಬಂದ ಸುಳ್ಳು ಮೇಲು, ಸುಳ್ಳು ಪಾಸ್‌ವರ್ಡು ಒತ್ತಿದೆ. 'ನೀವು ಸಂಪರ್ಕ ಹೊಂದಿದ್ದೀರಿ' ಎಂದು ಬಂತು. ಸಿಕ್ಕಿಬಿದ್ದ! ನಿಜವಾದ ಬೀಗ ಸುಳ್ಳು ಕೀಲಿಗೆ ತೆರೆಯುವುದಿಲ್ಲ. ಏನು ಕೊಟ್ಟರೂ ನುಂಗುವ ಪುಟ ಕೀಲಿ ಕದಿಯಲೆಂದೇ ಇಟ್ಟದ್ದು. ಚೈತ್ರ, ಇದನ್ನೇ ನಂಬಿ ಕೂರಬೇಡ ಮತ್ತೆ. ಜಾಣ ಕಳ್ಳನಾದರೆ ಮೊದಲ ಸಲ ತಪ್ಪು ಎಂದು ತೋರಿಸಿ ಎರಡನೇ ಸಲ ನಿಜವಾದದ್ದನ್ನು ಕಸಿಯುತ್ತಾನೆ.

ನಾನು ಮೇಡಂ ಕಡೆ ನೋಡಿ ಸೆರಗು ಸರಿಪಡಿಸಿಕೊಂಡೆ. ಅದೇ ನಮ್ಮ ಸಂಕೇತ. ಅವನಿಗೆ ಏನು ಅನುಮಾನ ಬಂತೋ, ಬಿಡದಿ ಹತ್ತಿರವಾದಂತೆ ಮೇಲಿದ್ದ ಕಪ್ಪು ಬ್ಯಾಗನ್ನು ಎಳೆದುಕೊಂಡು ಬಾಗಿಲ ಕಡೆ ನುಗ್ಗಿದ. ನನ್ನ ಕಿವಿಯ ಸದ್ದು ನಿಧಾನವಾಯಿತು. ಅವನು ಒಂದು ಹೆಜ್ಜೆ ಹೋದರೆ ಒಂದು ಬೀಪ್ ಕಮ್ಮಿ. ಬೇರೇನು ಸಾಕ್ಷಿ ಬೇಕು?

"ಬ್ಯಾಗಿನ ಜೊತೇಲೇ ಹೋಗ್ತೈತೆ ಮೇಡಂ!" ಎಂದು ನಾನು ಕೂಗಿಯೇ ಬಿಟ್ಟೆ. ಗುಟ್ಟಾಗಿರಬೇಕೆಂಬುದೆಲ್ಲ ಮರೆತೇಹೋಗಿತ್ತು.

ಅವನು ಬಿಡದಿಯಲ್ಲಿ ಇಳಿದು ಓಡಿದ. ಸಬ್ ಇನ್‌ಸ್ಪೆಕ್ಟರ್ ಹಿಂದೆಯೇ ಹಾರಿದರು. ಮಹಿಳಾ ಪೇದೆ ಇನ್ನೊಂದು ಬಾಗಿಲಿನಿಂದ ಮೊದಲೇ ಇಳಿದು ಎದುರಿಗೆ ನಿಂತಿದ್ದರು. ಹಲಸಿನಹಣ್ಣಿನ ಅಜ್ಜ ಕಿಟಕಿಯಿಂದ ತಲೆ ಹಾಕಿ, "ಇಡ್ಕಳ್ಳಿ, ಇಡ್ಕಳ್ಳಿ! ಬುಡಬ್ಯಾಡಿ ಬಡ್ಡಿಮಗನ್ನ!" ಎಂದು ಅರಚುತ್ತಿದ್ದ. ಏನಾಗಿದೆಯೆಂದು ಅವನಿಗೆ ಏನೇನೂ ತಿಳಿದಿರಲಿಲ್ಲ.

ಬ್ಯಾಗಿನಲ್ಲಿ ಸಿಕ್ಕಿದ್ದು ಸೋಪಿನ ಡಬ್ಬಿಯಷ್ಟು ದೊಡ್ಡದಾದ ಪೆಟ್ಟಿಗೆ, ಅದಕ್ಕೆ ಸಿಕ್ಕಿಸಿದ ಒಂದು ಪವರ್ ಬ್ಯಾಂಕು. ಅಷ್ಟೇ! ಎಷ್ಟೋ ಜನರ ನಿದ್ದೆ ಕೆಡಿಸಿದ ವಸ್ತು ನನ್ನ ಅಂಗೈಯಲ್ಲಿ ಹಿಡಿಸುತ್ತಿತ್ತು. ಅದರೊಳಗೆ ಅಂದು ಬೆಳಿಗ್ಗೆ ಮೈಸೂರಿನಿಂದ ಹಿಡಿದು ದಾರಿಯುದ್ದಕ್ಕೂ ಕೊಟ್ಟವರೆಲ್ಲರ ಪಾಸ್‌ವರ್ಡುಗಳು ಕೂತಿದ್ದವು. ಪೊಲೀಸರು ಆ ಜನರಿಗೆಲ್ಲ ಅಂದೇ ವಿಷಯ ತಿಳಿಸಿ ಪಾಸ್‌ವರ್ಡ್ ಬದಲಾಯಿಸುವಂತೆ ಹೇಳಿದರು. ರೂಪಾ ಮೇಡಂ ಬಿಡದಿಯ ಪ್ಲಾಟ್‌ಫಾರ್ಮಿನಲ್ಲೇ ನನ್ನನ್ನು ಅಪ್ಪಿಕೊಂಡು ಗಿರ್ರೆಂದು ಒಂದು ಸುತ್ತು ತಿರುಗಿಸಿದರು. ನಿಲ್ದಾಣದ ಹೊರಗೆ ತಟ್ಟೆ ಇಡ್ಲಿ ತಿನ್ನುವಾಗಲೂ ನಮ್ಮಿಬ್ಬರ ಮಾತು ನಿಲ್ಲುತ್ತಿರಲಿಲ್ಲ.

ಆದರೆ ಸುದ್ದಿ ಹರಡಿದ ಮೇಲೆ ಇನ್ನೊಂದು ಸಂಕಟ ಶುರುವಾಯಿತು. ವೈಫೈ ಎಂದರೇ ಜನ ಹೆದರಿದರು. ಚನ್ನಪಟ್ಟಣದ ನಮ್ಮ ಪೆಟ್ಟಿಗೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಡೇಟಾ ಹಾಕಿಸಲಾಗದವರೂ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು. ನನಗೆ ಬಹಳ ಬೇಸರವಾಯಿತು. ಕಳ್ಳನನ್ನು ಹಿಡಿದರೂ ಅವನೇ ಗೆದ್ದ ಹಾಗಾಗಿತ್ತು. ಮೇಡಂ ಪೆಟ್ಟಿಗೆಯ ಕೆಳಗೆ ದೊಡ್ಡ ಬೋರ್ಡು ಬರೆಸಿದರು. 'ನಾವು ಪಾಸ್‌ವರ್ಡ್ ಕೇಳುವುದಿಲ್ಲ. ಕೇಳಿದರೆ ಅದು ನಾವಲ್ಲ. ಅನುಮಾನ ಬಂದರೆ ನಮ್ಮ ಸಿಬ್ಬಂದಿಯನ್ನು ಕೇಳಿ.' ಬೋರ್ಡು ಓದಿದವರೂ ಫೋನ್ ತೆಗೆಯಲಿಲ್ಲ.

ಹೀಗೇ ಹಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮಂಜುಳ ಬೊಂಬೆಯ ಡಬ್ಬ ಹೊತ್ತು ಪ್ಲಾಟ್‌ಫಾರ್ಮಿಗೆ ಬಂದಳು. ಧಾರವಾಡಕ್ಕೆ ಹೋಗಬೇಕಾದ ಆರ್ಡರು. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ ಫೋನನ್ನು ತಿರುಗಿಸಿ ತಿರುಗಿಸಿ ನೋಡುತ್ತಿತ್ತು.

"ಏನಜ್ಜಿ?" ಮಂಜುಳ ಕೇಳಿದಳು.

"ಮಗ್ಳು ಎತ್ತವ್ಳೆ ಕಣವ್ವ, ದುಬೈನಾಗೆ. ಕೂಸ್ನ ತೋರಿಸ್ತೀನಿ ಅಂದವ್ಳೆ. ಇದ್ರಾಗೆ ಕರೆನ್ಸಿ ಇಲ್ವಂತೆ."

"ಇಲ್ಲಿ ವೈಫೈ ಐತಲ್ಲಜ್ಜಿ."

"ಅಯ್ಯೋ ಬ್ಯಾಡ ಕಣವ್ವ. ಅದ್ರಾಗೆ ಕಳ್ರವ್ರಂತೆ."

ಸುತ್ತ ಕೂತಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಮಂಜುಳ ಬೊಂಬೆಯ ಡಬ್ಬ ಕೆಳಗಿಟ್ಟಳು. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದಳು. "ಕಳ್ರು ಇದ್ದಿದ್ದು ದಿಟ ಕಣಜ್ಜಿ. ನನ್ನ ಅಂಗಡೀನೇ ಕದ್ದಿದ್ರು. ಅದಕ್ಕೇ ಈಗ ಕೇಳ್ಕಂಡು ಸೇರ್ಕತೀನಿ. ಒಸಿ ಇರಿ, ಬತ್ತೀನಿ."

ನೇರ ನನ್ನ ಮುಂದೆ ಬಂದು ನಿಂತಳು. ನನ್ನನ್ನು ಕಂಡೇ ಇಲ್ಲದವಳ ಹಾಗೆ ಗಂಭೀರವಾಗಿ, ಗಟ್ಟಿ ದನಿಯಲ್ಲಿ, "ಮೇಡಂ, ನಿಮ್ಮ ವೈಫೈ ಹೆಸರೇನು? ಏನೇನು ಕೇಳುತ್ತೆ?" ಎಂದಳು.

ನಾನೂ ಅಷ್ಟೇ ಗಂಭೀರವಾಗಿ ಎದ್ದು ನಿಂತು, "ನಮ್ಮೂರ ನೆಟ್ ಅಮ್ಮ. ಮೊಬೈಲ್ ನಂಬರು, ಒಟಿಪಿ, ಅಷ್ಟೇ. ಪಾಸ್‌ವರ್ಡ್ ಕೇಳಿದ್ರೆ ಎದ್ದು ಬಂದು ನನಗೆ ಹೇಳಿ. ಮಾತಾಡಿ ಆದ್ಮೇಲೆ ಫೋನಿಗೆ ಈ ಹೆಸರು ಮರೆಯೋಕೆ ಹೇಳ್ಬಿಡಿ, ಮುಂದಕ್ಕೆ ತಾನಾಗೇ ಎಲ್ಲೂ ಸೇರ್ಕೊಳ್ಳಲ್ಲ" ಎಂದೆ.

ಅವಳು ಹೋಗಿ ಅಜ್ಜಿಯ ಪಕ್ಕ ಕೂತು ನಂಬರ್ ಒತ್ತಿದಳು, ಒಟಿಪಿ ಒತ್ತಿದಳು, ದುಬೈಗೆ ವಿಡಿಯೋ ಕಾಲ್ ಹಾಕಿದಳು. ಒಂದು ಕ್ಷಣ ಪರದೆ ಕಪ್ಪಾಯಿತು. ಆಮೇಲೆ ಫೋನಿನ ತುಂಬ ಬೋಳು ತಲೆಯ, ಹಲ್ಲಿಲ್ಲದ ಒಂದು ಕೂಸು. ಅಜ್ಜಿ, "ಅಯ್ ನನ್ ಕಂದ, ಥೇಟ್ ನಿಮ್ ತಾತ ಕಣ್ಲಾ!" ಎಂದು ಕೂಗಿದ ಸಡಗರಕ್ಕೆ ಅತ್ತಿತ್ತಲ ಬೆಂಚಿನವರೆಲ್ಲ ಎದ್ದು ಬಂದು ಬಗ್ಗಿ ನೋಡಿದರು. ನೋಡಿದವರಲ್ಲಿ ಒಬ್ಬ ತನ್ನ ಫೋನ್ ಹಿಡಿದುಕೊಂಡು ನನ್ನ ಬಳಿ ಬಂದ. ಅವನ ಹಿಂದೆ ಇನ್ನೊಬ್ಬಳು.

"ಮೇಡಂ, ಹೆಸರೇನಂದ್ರಿ?"